ಸುಗಂಧಿ ಸಿಸ್ಟರ್ ಜೊತೆ ನಾಲ್ಕು ತಾಸು

ಉಡುಪಿಯ ಸುಗಂಧಿ ಮಲೇಷ್ಯಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕೌಲಾಲಂಪುರದ ಮೆಡಿಕಲ್ ಕಾಲೇಜೊಂದರಲ್ಲಿ ನರ್ಸಿಂಗ್ ಪಾಠ ಹೇಳುತ್ತಾಳೆ. ಎಂಥ ರೋಗಿಯ ಮುಂದೆಯೂ ಕೈ ನಡುಗದ ಹೆಂಗಸಿಗೆ ವಿಮಾನವೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಬೆಂಗಳೂರಿಗೆ ಹತ್ತಿರಹತ್ತಿರ ಮೂರು ಸಾವಿರ ಕಿಲೋಮೀಟರ್, ನಾಲ್ಕು ತಾಸಿನ ಹಾರಾಟ. "ಅಷ್ಟು ಹೊತ್ತಲ್ಲಿ ಉಡುಪಿಯಿಂದ ಬಸ್ಸಲ್ಲಿ ಮೈಸೂರು ಕೂಡ ಮುಟ್ಲಿಕ್ಕಾಗುದಿಲ್ಲ ಮಾರಾಯ್ತಿ" ಎಂದು ಗಂಡ ನರಹರಿ ನಗುತ್ತಿದ್ದ. ಅವಳು ಮಾತ್ರ ಪ್ರತಿ ಸಲವೂ ಮಾತ್ರೆ ನುಂಗಿ, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿಬಿಡುತ್ತಿದ್ದಳು.

ಕೌಲಾಲಂಪುರದಲ್ಲಿ ಭಾರತೀಯರೇ ಹೆಚ್ಚಿರುವ ಬ್ರಿಕ್‌ಫೀಲ್ಡ್ಸ್‌ನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಹಾವೇರಿ ಕಡೆಯ ಸದಾಶಿವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಲ್ಲಿ ಯಾರು ಬಂದರೂ ಎಡಗೈಯಿಂದ ಆಕಾಶ ತೋರಿಸುತ್ತಿದ್ದ. ಊರಿಗೆ ಕಳಿಸಿ ಎಂದರ್ಥ. ಕನ್ನಡ ಸಂಘದವರು ಟಿಕೆಟ್ ಕೊಡಿಸಿದರು. ಆದರೆ ವಿಮಾನದವರು ಪಕ್ಕದಲ್ಲಿ ನರ್ಸ್ ಇರಲೇಬೇಕೆಂದರು; ನುಂಗುವ ಶಕ್ತಿ ಕುಂದಿದ್ದವನಿಗೆ ಉಗುಳು ಶ್ವಾಸನಾಳಕ್ಕೆ ಹೋದರೂ ಅಪಾಯ.

ಸಂಘದ ಯಜ್ಞನಾರಾಯಣರು ಫೋನ್ ಮಾಡಿದರು. "ನಿಮ್ಮ ಸ್ಟೂಡೆಂಟ್ಸ್ ಯಾರಾದ್ರೂ ಹೋಗ್ಬಹುದಾ ಮೇಡಂ?"

"ಮಕ್ಕಳನ್ನು ಯಾಕೆ ಕಳಿಸೋದು? ನಾನೇ ಹೋಗ್ತೇನೆ" ಅಂದುಬಿಟ್ಟಳು ಸುಗಂಧಿ.

ನರಹರಿ ಬೆರಗಾದ. "ನೀನು ಮಾತ್ರೆ ತಗೊಂಡು ಮಲಗಿದ್ರೆ ಅವರನ್ನು ನೋಡುದು ಯಾರು?"

"ತಗೊಳ್ಳುದಿಲ್ಲ."

ವಿಮಾನ ಬಂಗಾಳ ಕೊಲ್ಲಿಯ ಮೇಲೆ ಬರುತ್ತಿದ್ದಂತೆ ಕುಲುಕಾಡತೊಡಗಿತು. ಸುಗಂಧಿ ಸೀಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಸದಾಶಿವ ವಾಂತಿ ಮಾಡಿಕೊಂಡ. ಉಸಿರು ಸಿಕ್ಕಿಕೊಂಡು ತುಟಿ ನೀಲಿಗಟ್ಟಿತು. ಅವಳು ಅವನನ್ನು ತನ್ನ ಕಡೆಗೆ ವಾಲಿಸಿಕೊಂಡು, ತಲೆ ಬಗ್ಗಿಸಿ ಹಿಡಿದು, ಕೈಯಿಂದ ಒತ್ತಿ ಹೀರುವ ಪಂಪಿನಲ್ಲಿ ಬಾಯಿ, ಗಂಟಲು ಚೊಕ್ಕ ಮಾಡಿದಳು. ವಿಮಾನ ಮತ್ತೊಮ್ಮೆ ಧಡಕ್ಕನೆ ಇಳಿದೆದ್ದಿತು. "ಹೆದರ್ಬೇಡಿ, ನಾನಿದ್ದೇನೆ, ಉಸಿರು ಎಳ್ಕೊಳ್ಳಿ" ಎನ್ನುತ್ತಲೇ ಇದ್ದಳು. ತುಟಿಗೆ ಬಣ್ಣ ಮರಳಿತು. ಅವನ ಎಡಗೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ತನಗೆ ಹೆದರಲು ಪುರುಸೊತ್ತೇ ಆಗಲಿಲ್ಲವೆಂಬುದು ಆಗ ಅವಳ ಗಮನಕ್ಕೆ ಬಂತು.

ಓಡಿ ಬಂದ ಗಗನಸಖಿ ಕೇಳಿದಳು: "ಆರ್ ಯೂ ಎ ಡಾಕ್ಟರ್?"

"ನೋ. ನರ್ಸ್" ಎಂದಳು ಸುಗಂಧಿ, ಬೆನ್ನು ನೆಟ್ಟಗೆ ಮಾಡಿ.

ಬೆಂಗಳೂರಿನಲ್ಲಿ ಸದಾಶಿವನ ಹೆಂಡತಿ ಗಾಲಿಕುರ್ಚಿ ಕಾಣುತ್ತಲೇ ಓಡಿ ಬಂದಳು. "ಹಾದ್ಯಾಗ ಭಾಳ ತ್ರಾಸ ಆತೇನ್ರೀ ಅಕ್ಕಾರ?"

"ಸ್ವಲ್ಪ ಆಯ್ತು. ನಿಮ್ಮ ಯಜಮಾನರು ಗಟ್ಟಿ ಇದ್ದಾರೆ."

ಸದಾಶಿವ ಅರ್ಧ ಮುಖದಲ್ಲೇ ನಕ್ಕ. ಹೆಂಡತಿ ಅವನ ಕೆನ್ನೆ ಸವರುತ್ತ ಅಳತೊಡಗಿದಳು.

ಆಮೇಲೆ ಇಂಥ ಪ್ರಯಾಣಗಳಿಗೆ ಸುಗಂಧಿಗೇ ಕರೆ ಬರತೊಡಗಿತು. ಸದಾಶಿವ ಈಗ ಕೋಲು ಹಿಡಿದು ನಡೆಯುತ್ತಾನಂತೆ. ಕಾಲೇಜಿನಲ್ಲಿ ಅವಳು ಕುರ್ಚಿಗಳನ್ನು ಇಕ್ಕಟ್ಟಾಗಿ ಸಾಲಿಟ್ಟು, ವಿಮಾನದ ಸೀಟಿನಲ್ಲಿ ರೋಗಿಯನ್ನು ನೋಡಿಕೊಳ್ಳುವುದನ್ನು ಕಲಿಸುತ್ತಾಳೆ.

ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು ಚೈತನ್ಯಾ ಮೊನ್ನೆ ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಯಲ್ಲಿ ಚಹಾ ಕುಡಿಯುತ್ತ ಗೆಳತಿಗೆ ಮಲೇಷ್ಯಾದವರ ಧಾಟಿಯಲ್ಲೇ ಹೇಳುತ್ತಿದ್ದಳು: "ಮೈ ಮದರ್ ಟೇಕ್ಸ್ ಪೀಪಲ್ ಹೋಮ್, ಲಾ."

ಪಕ್ಕದಲ್ಲಿದ್ದ ಸುಗಂಧಿ ಕೇಳಿಸದವಳಂತೆ ಪರೋಟದಂಥ ರೋಟಿ ಚನಾಯಿ ಮುರಿದು ಸಾರಿಗೆ ಅದ್ದಿದಳು. ಮುಖ ಮಾತ್ರ ಅರಳಿತ್ತು.