ಟಿಕೆಟಿನ ಆಚೆಯ ಪುಟಗಳು

ನಿಜ ಹೇಳಿ, ನಿಮ್ಮ ದಿಂಬಿನ ಪಕ್ಕದಲ್ಲಿ ಅರ್ಧ ಓದಿ ಕವುಚಿ ಹಾಕಿದ ಪುಸ್ತಕಗಳು ಎಷ್ಟಿವೆ? ನಾಚಿಕೆ ಬೇಡ. ನನ್ನ ಪಕ್ಕದ ರಾಶಿ ಈಗ ಎಷ್ಟು ಎತ್ತರವಾಗಿದೆಯೆಂದರೆ ನೀರಿನ ಚೊಂಬನ್ನು ಅದರ ಮೇಲೆಯೇ ಇಡುತ್ತೇನೆ. ಮಣಿಪಾಲದ ಈ ಫ್ಲ್ಯಾಟಿನಲ್ಲಿ ಬೇರೆ ಮೇಜಿಗೆ ಜಾಗವಿಲ್ಲ, ಅದಕ್ಕೇ ಹೀಗೆ ಎಂದು ಮಗಳಿಗೆ ಹೇಳಿದ್ದೇನೆ. ಅವಳು ನಂಬಿದ್ದಾಳೆ.

ಓದುವುದಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಪ್ರತಿ ಪುಸ್ತಕಕ್ಕೂ ನಾನು ವಿಮರ್ಶೆ ಬರೆಯಬೇಕು. ಪತ್ರಿಕೆಗಲ್ಲ, ಕಾರ್ಕಳದಲ್ಲಿರುವ ಒಬ್ಬಳಿಗೆ.

ನಾವಿಬ್ಬರೂ ಉಡುಪಿಯ ಒಂದೇ ಆಫೀಸಿನಲ್ಲಿ ಕೆಲಸಕ್ಕಿದ್ದವರು. ನಾನು ಕಾಪುವಿನಿಂದ ಬರುತ್ತಿದ್ದೆ, ಅವಳು ಕಾರ್ಕಳದಿಂದ. ನಮ್ಮದು ಮೀನುಗಾರರ ಮನೆ, ಅವರದು ಇಗರ್ಜಿಯ ಪಕ್ಕದ ಕೊಂಕಣಿ ಮನೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಪುಸ್ತಕವೂ ಹೊರಗೆ ಬರುತ್ತಿತ್ತು. ಮೀನಿನ ವಿಷಯಕ್ಕೆ ತುಳು, ಪುಸ್ತಕದ ವಿಷಯಕ್ಕೆ ಕನ್ನಡ. ಯಾರೂ ಮಾಡಿದ ನಿಯಮವಲ್ಲ, ಆದರೆ ಇಂದಿಗೂ ತಪ್ಪಿಲ್ಲ. ನಿವೃತ್ತಿಯಾದ ಮೇಲೆ ಬಸ್ಸೇ ನಮ್ಮ ಅಂಚೆಯಾಯಿತು. ಅವಳು ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಕಾರ್ಕಳದಲ್ಲಿ ಕಂಡಕ್ಟರನ ಕೈಗೆ ಕೊಟ್ಟರೆ ನಾನು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಕಾಪುವಿನ ಉಪ್ಪುಗಾಳಿಗೆ ಹಾಳೆಗಳು ಮೆತ್ತಗಾಗುತ್ತವೆ, ಹಪ್ಪಳವನ್ನೇ ವಾಪಸ್ಸು ಕಳಿಸಿದ ಹಾಗಿರುತ್ತದೆ ಎಂದು ಅವಳ ತಕರಾರು. ನಾನು ಮಣಿಪಾಲಕ್ಕೆ ಮಗಳ ಮನೆಗೆ ಬಂದ ಮೇಲೆ ಅದೇ ಬಸ್ಸು ಮನೆಯ ಹತ್ತಿರವೇ ನಿಲ್ಲತೊಡಗಿತು. ಹಿಂದಿರುಗುವ ಪುಸ್ತಕದೊಳಗೆ ನನ್ನ ಅಭಿಪ್ರಾಯದ ಚೀಟಿ ಇರಲೇಬೇಕು. ಚೀಟಿ ಇಲ್ಲವಾದರೆ ಮುಂದಿನ ಪುಸ್ತಕ ಬಸ್ಸು ಹತ್ತುತ್ತಿರಲಿಲ್ಲ.

ಮೊದಲು ಓದುವವಳು ಯಾವಾಗಲೂ ಅವಳೇ. ಪೆನ್ಸಿಲು ಹಿಡಿದೇ ಓದುತ್ತಿದ್ದಳು. ಹಿಡಿಸಿದ ಸಾಲಿನ ಪಕ್ಕ ಒಂದು ಚುಕ್ಕಿ. ಗಂಟಲಿಗೆ ಸಿಕ್ಕುವಂಥ ಮಾತು ಬಂದಲ್ಲಿ ಒಂದು ಮೀನಿನ ಮುಳ್ಳಿನ ಚಿತ್ರ. ನಾನು ಓದುತ್ತಿದ್ದುದು ಆ ಪುಸ್ತಕಗಳನ್ನೋ, ಅವುಗಳ ಅಂಚಿನಲ್ಲಿದ್ದ ಇವಳನ್ನೋ ಎಂದು ಈಗ ಕೇಳಿದರೆ ಉತ್ತರ ಹೇಳುವುದು ಕಷ್ಟ. ಅವಳು ಚುಕ್ಕಿ ಇಟ್ಟಲ್ಲಿ ನಿಂತು ಎರಡನೇ ಸಲ ಓದುವುದು, ಮುಳ್ಳು ಹಾಕಿದ್ದನ್ನು ಬೇಕೆಂದೇ ಚೀಟಿಯಲ್ಲಿ ಹೊಗಳುವುದು, ಇದೇ ನನ್ನ ಓದು.

ಈಚೆಗೆ ಅವಳ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂತು. ಎದುರು ನಿಂತವರ ಕಿವಿ, ಭುಜ ಕಾಣುತ್ತವೆ, ಮುಖ ಕಾಣುವುದಿಲ್ಲ. ಅಕ್ಷರವಂತೂ ಇಲ್ಲ. ಡಾಕ್ಟರು ಇನ್ನು ಇಷ್ಟೇ ಎಂದ ಮೇಲೆ ಅವಳು ಮನೆಯ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಬಸ್ಸಿನಲ್ಲಿ ಕಳಿಸಿದಳು. ಇನ್ನು ಓದುವುದೂ ನೀನೇ, ಬರೆಯುವುದೂ ನೀನೇ, ಬರೆದದ್ದನ್ನು ಫೋನಿಗೆ ಕಳಿಸು, ಫೋನು ನನಗೆ ಓದಿ ಹೇಳುತ್ತದೆ ಎಂದಳು. ಬಾಯಲ್ಲೇ ಹೇಳುತ್ತೇನೆ ಎಂದರೆ ಒಪ್ಪಲಿಲ್ಲ. ಬಾಯಿ ಬಿಟ್ಟರೆ ನಾನು ಬಂಗುಡೆ ಮೀನಿನ ರೇಟಿಗೆ ಹೋಗಿ ಅಲ್ಲಿಂದ ವಾಪಸ್ಸೇ ಬರುವುದಿಲ್ಲವಂತೆ.

ಹಾಗೆ ಈ ಪ್ರಾಯದಲ್ಲಿ ಮೊಮ್ಮಗಳ ಹತ್ತಿರ ಟೈಪಿಂಗ್ ಕಲಿತೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಲೇಖಕರ ಮೇಲಿನ ಸಿಟ್ಟು ಆರಿಹೋಗುತ್ತದೆ. ಹಾಗಾಗಿ ನನ್ನ ವಿಮರ್ಶೆಗಳು ಮೊದಲಿಗಿಂತ ಮೆದುವಾಗಿವೆ. ಫೋನಿನೊಳಗಿನ ಹೆಂಗಸು ನನ್ನ ಕುಚೋದ್ಯವನ್ನೆಲ್ಲ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಓದುತ್ತಾಳೆಂದು ಕಾರ್ಕಳದಿಂದ ದೂರು ಬಂತು.

ಒಂದೆರಡು ಕಳಿಸಿದೆ. ಆಮೇಲೆ ನಿಂತಿತು. ಭಾನುವಾರ ಇಗರ್ಜಿಯಿಂದ ಬಂದವಳೇ ಅವಳು ಫೋನು ಮಾಡಿ, ವಿಮರ್ಶೆ ಎಲ್ಲಿ ಎಂದು ಕೇಳುತ್ತಾಳೆ. ಕರೆಂಟಿರಲಿಲ್ಲ ಎಂದೆ, ಹೆಬ್ಬೆರಳು ನೋವು ಎಂದೆ, ಪೆರ್ಡೂರಿನ ನೆಂಟರು ಬಂದು ಕೂತಿದ್ದಾರೆ ಎಂದೆ. ನೆಂಟರು ಬಂದದ್ದು ನಿಜ. ಚಾ ಕುಡಿದು ಎದ್ದು ಹೋಗಿದ್ದರು.

ಅಸಲು ಕಾರಣ ಚೊಂಬಿನ ಅಡಿಯಲ್ಲಿದ್ದ ಪುಸ್ತಕ. ಕಣ್ಣು ಪೂರ್ತಿ ಕೈಕೊಡುವ ಮೊದಲು ಅವಳು ಓದುತ್ತಿದ್ದ ಕಾದಂಬರಿ ಅದು. ನದಿ ದಾಟಬೇಕಾದ ಒಬ್ಬ ಹೆಂಗಸು ಕಡವಿಗೆ ಬಂದು ನಿಂತಿದ್ದಾಳೆ, ದೋಣಿ ಆಚೆ ದಡದಲ್ಲಿದೆ. ಆ ಪುಟದಲ್ಲಿ ಒಂದು ಬಸ್ ಟಿಕೆಟು. ಅಲ್ಲಿಯವರೆಗೆ ಎಲ್ಲ ಕಡೆ ಚುಕ್ಕಿ, ಮುಳ್ಳು. ಕೊನೆಕೊನೆಗೆ ಚುಕ್ಕಿಗಳು ಅಂಚು ತಪ್ಪಿ ಅಕ್ಷರಗಳ ಮೇಲೆಯೇ ಬಿದ್ದಿವೆ. ಟಿಕೆಟಿನ ಆಚೆ ಅಂಚುಗಳು ಬೆಳ್ಳಗೆ. ಎಷ್ಟೋ ಸಲ ಪುಟ ಮಗುಚಿದ್ದೇನೆ. ಎರಡು ಸಾಲು ಓದುವಷ್ಟರಲ್ಲಿ, ಯಾರೂ ಇಲ್ಲದ ಮನೆಯೊಳಗೆ ಚಪ್ಪಲಿ ಬಿಟ್ಟು ಕಾಲಿಟ್ಟ ಹಾಗಾಗಿ ಹಿಂದೆ ಬಂದಿದ್ದೇನೆ. ಮಷೀನಿನ ಟಿಕೆಟಲ್ಲವೇ, ಅದರ ಮೇಲಿನ ಊರಿನ ಹೆಸರೂ ಮಾಸಿಹೋಗಿದೆ. ಹಾಗೆಂದು ಇದನ್ನು ಬಿಟ್ಟು ಬೇರೆ ಪುಸ್ತಕ ಎತ್ತಿಕೊಳ್ಳುವಂತೆಯೂ ಇಲ್ಲ. ಆ ಹೆಂಗಸು ನದಿ ದಾಟಿದಳೋ ಇಲ್ಲವೋ ಎಂದು ತಿಳಿಯದೆ ಉಳಿದ ಯಾವ ಪುಸ್ತಕದ ವಿಮರ್ಶೆಯೂ ತನಗೆ ಬೇಡ ಎಂದು ಅವಳು ಖಡಾಖಂಡಿತ ಹೇಳಿದ್ದಾಳೆ.

ಕಳೆದ ವಾರ ಪುಸ್ತಕವನ್ನು ಚೀಲಕ್ಕೆ ಹಾಕಿ ನಾನೇ ಬಸ್ಸು ಹತ್ತಿದೆ. ಪರ್ಕಳ ದಾಟಿದ ಮೇಲೆ ಸೀಟು ಸಿಕ್ಕಿತು. ಪಾರ್ಸೆಲ್ ಎಲ್ಲಿ ಎಂದು ಪರಿಚಯದ ಕಂಡಕ್ಟರು ಕೇಳಿದ. ಈ ಸಲ ಪಾರ್ಸೆಲ್ ನಾನೇ ಎಂದೆ.

ಅವಳು ಸಿಟೌಟಿನಲ್ಲಿ ಕೂತಿದ್ದಳು. ನನ್ನನ್ನು ನೋಡಲು ಮುಖವನ್ನು ಓರೆ ಮಾಡಿ ಗೇಟಿನ ಕಡೆ ತಿರುಗಿಸಿದಳು. ಅವಳಿಗೆ ಈಗ ಜನ ಕಾಣುವುದು ಹಾಗೆ.

"ವಿಮರ್ಶೆ ತಂದದ್ದಾ?"

"ಇಲ್ಲ, ಪುಸ್ತಕ ತಂದದ್ದು. ನೀನು ಟಿಕೆಟ್ ಇಟ್ಟಲ್ಲಿಂದ ಮುಂದೆ ನನಗೆ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ತಿ."



"ಪಾಪ, ಮಳೆ ಸುರುವಾದಲ್ಲಿಂದ ಆ ಹೆಂಗಸನ್ನು ಕಡವಿನಲ್ಲೇ ನಿಲ್ಸಿದ್ದೀಯಾ?" ಎಂದಳು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ಓದು" ಎಂದಳು.

ಓದಿದೆ. ದೋಣಿ ಬಂತು. ಒಂದು ಕಡೆ ಲೇಖಕರು ನದಿಯ ವರ್ಣನೆಗೆ ಇಳಿದವರು ಮೇಲೆ ಏಳಲೇ ಇಲ್ಲ. ಅವಳು ಕೈ ಎತ್ತಿ ನಿಲ್ಲಿಸಿ, ಅಲ್ಲಿ ಒಂದು ಮುಳ್ಳು ಹಾಕು ಎಂದಳು. ಪೆನ್ಸಿಲು ಅವಳ ಕನ್ನಡಕದ ಡಬ್ಬಿಯಲ್ಲಿ ಇನ್ನೂ ಇತ್ತು. ನಾನು ಬಿಡಿಸಿದ ಮುಳ್ಳು ಬಾಚಣಿಗೆಯ ಹಾಗಾಯಿತು, ಅದನ್ನು ಹೇಳಲಿಲ್ಲ. ಮುಂದೆ ಒಂದು ಸಾಲು ಬಂದಾಗ ಅವಳು ನನ್ನ ಮಣಿಕಟ್ಟನ್ನು ಬೆರಳ ತುದಿಯಿಂದ ಮುಟ್ಟಿದಳು. ಚುಕ್ಕಿ ಎಂದು ಗೊತ್ತಾಯಿತು. ಇಟ್ಟೆ.

ಬಸ್ಸಿನ ಹೊತ್ತಾದಾಗ ಕಾದಂಬರಿ ಇನ್ನೂ ಕಾಲುಭಾಗ ಉಳಿದಿತ್ತು. ಟಿಕೆಟನ್ನು ಹೊಸ ಪುಟದಲ್ಲಿಟ್ಟು ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಜಿಪ್ಪಿನ ಸದ್ದು ಅವಳಿಗೆ ಕೇಳಿಸಿತು. ಉಳಿದದ್ದನ್ನು ಮುಂದಿನ ವಾರ ಬಂದು ಓದುತ್ತೇನೆ, ಇಷ್ಟು ದಿನ ಒಂದು ಸಾಲು ಮುಂದೆ ಹೋಗದವಳು ಇನ್ನು ಹೋಗುತ್ತೇನಾ ಎಂದೆ.

ಅವಳು ಕೈ ಚಾಚಿದಳು.

"ಪುಸ್ತಕ ಇಲ್ಲೇ ಇಟ್ಟು ಹೋಗು. ಈಗ ನಿನಗೆ ರುಚಿ ಸಿಕ್ಕಿ ಆಯ್ತು. ಬಸ್ಸಿನಲ್ಲಿ ಹಿರಿಯಡ್ಕ ಬರುವ ಮೊದ್ಲೇ ನನ್ನನ್ನು ಬಿಟ್ಟು ನೀನು ಆಚೆ ದಡ ಮುಟ್ಟಿರ್ತಿ."