ಸಾಗವಾನಿ ಪಟ್ಟಿ ಮತ್ತು ಹನ್ನೊಂದು ಲಟ್ಟಣಿಗೆ

ಹೋದ ವಾರ ಹಳೆಯ ಸಾಗವಾನಿ ಪಟ್ಟಿಗಳನ್ನು ಪಾಲಿಶ್ ಪೇಪರಿನಿಂದ ತಿಕ್ಕಿಸಿದೆ. ವರ್ಷಗಟ್ಟಲೆ ಒಲೆಯ ಹೊಗೆ, ದೀಪದ ಎಣ್ಣೆ, ಊದಿನಕಡ್ಡಿ ಎಲ್ಲವನ್ನೂ ಕುಡಿದು ಕರ್ರಗಾದ ಕಟ್ಟಿಗೆ. ಮೇಲಿನ ಕರಿ ಹೋದದ್ದೇ ತಡ, ಒಳಗಿನಿಂದ ಆಗತಾನೇ ಹೆರೆದ ಸಾಗವಾನಿಯ ವಾಸನೆ ಬಂತು, ನಡುವೆ ಏನೂ ಆಗಿಯೇ ಇಲ್ಲ ಎನ್ನುವಂತೆ. ಆಗಿತ್ತು.

ಈ ಮೂರು ಪಟ್ಟಿಗಳು ಹಳೇ ಬಾಗಲಕೋಟೆಯ ನಮ್ಮ ಮನೆಯಲ್ಲಿ, ಪಡಸಾಲೆಯಿಂದ ಒಳಮನೆಗೆ ಹೋಗುವ ಬಾಗಿಲಿನ ಸುತ್ತ ಇದ್ದವು. ಎಡಕ್ಕೊಂದು, ಬಲಕ್ಕೊಂದು, ತಲೆಯ ಮೇಲೊಂದು. ಮೂರರ ಮೇಲೂ ಬಳ್ಳಿ, ಬಳ್ಳಿಗೆ ಮೊಗ್ಗು. ಅಣೆಕಟ್ಟಿನ ಹಿನ್ನೀರು ಊರಿಗೆ ಬರುವ ಮೊದಲು ಮನೆ ಬಿಚ್ಚಿದಾಗ ನಾನು ಹಟ ಹಿಡಿದು ತಂದದ್ದು ಇವನ್ನಷ್ಟೇ. ಕಪಾಟು ಬಿಟ್ಟು ಕಟ್ಟಿಗೆ ತಂದನಲ್ಲ ಎಂದು ಮನೆಯವರು ಆಡಿಕೊಂಡರು. ಕಾರಣ ನಾನು ಹೇಳಲಿಲ್ಲ.

ಕೆತ್ತಿದವರು ನಮ್ಮ ಓಣಿಯ ಬಡಿಗೇರಜ್ಜ. ಎಪ್ಪತ್ತರ ದಶಕದ ಕೊನೆಗೆ ಅವರಿಗೆ ಅರವತ್ತು ದಾಟಿತ್ತು. ಒಂದು ಕಣ್ಣು ಮುಚ್ಚಿ, ನಾಲಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿ ನೋಡಿದರೆಂದರೆ ಮುಗಿಯಿತು; ಅವರು ಸೊಟ್ಟ ಎಂದದ್ದು ಸೊಟ್ಟ, ನೆಟ್ಟಗೆ ಎಂದದ್ದು ನೆಟ್ಟಗೆ. ಬೇರೆ ಬಡಿಗರು ಬಾಗಿಲು ಕೂಡಿಸಿದ ಮೇಲೆ ಇವರನ್ನು ಕರೆದು ತೋರಿಸುವ ರೂಢಿಯಿತ್ತು. ಅವರಿಗೆ ಹೊಲವಿರಲಿಲ್ಲ, ಗಂಡುಮಕ್ಕಳಿರಲಿಲ್ಲ. ಇದ್ದದ್ದು ಆ ಕಣ್ಣಿನ ಹೆಸರು.

ಆಗ ಇಲಕಲ್ಲಿನಿಂದ ನನ್ನ ತಂಗಿಯನ್ನು ನೋಡಲು ಬರುವವರಿದ್ದರು. ಹುಡುಗನ ದೊಡ್ಡಪ್ಪ ಹೆಣ್ಣಿಗಿಂತ ಮೊದಲು ಮನೆ ನೋಡುವ ಮನುಷ್ಯ. ಹುನಗುಂದದ ಒಂದು ಮನೆಯಲ್ಲಿ ಗೋಡೆಗೆ ಬಿರುಕಿದೆ ಎಂದು ಅವಲಕ್ಕಿ ಮುಟ್ಟದೆ ಎದ್ದುಬಂದಿದ್ದರಂತೆ. ಅಪ್ಪ ಗಾಬರಿಯಾಗಿ ಮನೆಗೆಲ್ಲ ಸುಣ್ಣ ಹೊಡೆಸಿ, ಬಾಗಿಲಿಗೆ ಈ ಪಟ್ಟಿ ಮಾಡಿಸಿದರು. ಇಲಕಲ್ಲಿನವರು ಬಂದ ದಿನವೇ ಅಜ್ಜ ಕೊನೆಯ ಮೊಳೆ ಹೊಡೆದು, ಮೂಲೆಯಲ್ಲಿ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದರು.

ದೊಡ್ಡಪ್ಪ ಬಾಗಿಲ ಮುಂದೆ ನಿಂತರು. "ಭಾಳ ನಾಜೂಕ ಐತಿ. ಯಾರ ಕೈಕೆಲಸರಿ ಇದು?"

ಇಲ್ಲಿ ನಾನು ಪ್ರವೇಶಿಸಬೇಕಾಯಿತು. ಬೇಕಾಗಿರಲಿಲ್ಲ, ಪ್ರವೇಶಿಸಿದೆ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ವಯಸ್ಸು ಇಪ್ಪತ್ತೇಳು, ಹುಬ್ಬಳ್ಳಿಯಿಂದ ಹೊಸದಾಗಿ ತಂದ ರಸಮಟ್ಟದ ಒಡೆಯ. ಗಾಜಿನ ನಳಿಗೆಯೊಳಗೆ ಗುಳ್ಳೆ ನಡುವೆ ನಿಂತರೆ ಮಟ್ಟ, ಸರಿದರೆ ಸೊಟ್ಟ. ಬೀಗರಾಗುವವರ ಎದುರು ವಿಜ್ಞಾನದ ಗೌರವ ಕಾಯುವ ಭಾರ ನನ್ನ ಮೇಲಿದೆಯೆಂದು ಭಾವಿಸಿ, ಸ್ಟೂಲು ಹತ್ತಿ, ಮೇಲಿನ ಪಟ್ಟಿಯ ಮೇಲೆ ಅದನ್ನಿಟ್ಟೆ. ಗುಳ್ಳೆ ಬಲಕ್ಕೆ ಓಡಿ ನಳಿಗೆಯ ತುದಿ ಹಿಡಿಯಿತು.

"ನಮ್ಮ ಅಜ್ಜಾರ ಕೈಕೆಲಸರಿ," ಎಂದೆ. "ಅವರ ಕಣ್ಣು ಪಿಂಚಣಿ ತಗೊಂಡಾವ, ಕೈಗಿನ್ನೂ ಆರ್ಡರ್ ಬಂದಿಲ್ಲ."

ದೊಡ್ಡಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಪ್ಪನೂ ನಕ್ಕರು. ಆ ನಗುವಿನಲ್ಲೇ ತಂಗಿಯ ಮದುವೆ ಗಟ್ಟಿಯಾಯಿತು ಎನ್ನಬಹುದು. ಅಜ್ಜ ಒಮ್ಮೆ ಬಾಗಿಲ ಮೇಲಿನ ತೊಲೆಯನ್ನು ನೋಡಿದರು, ಒಮ್ಮೆ ದೊಡ್ಡಪ್ಪನನ್ನು ನೋಡಿದರು. "ಇರಬೇಕ್ರಿ. ವಯಸ್ಸಾತು ನೋಡ್ರಿ," ಎಂದು ಚೀಲ ಹೆಗಲಿಗೇರಿಸಿ ಹೋದರು.

ಮರುದಿನ ಮುಂಜಾನೆ ಹೇಳದೆಯೇ ಬಂದರು. "ಮಾಸ್ತರ, ನಿಮ್ಮ ರಸಮಟ್ಟ ಹೇಳಿದಂಗ ಹೊಡೀತೇನಿ." ಮೇಲಿನ ಪಟ್ಟಿ ಕಿತ್ತು, ಎಡಗಡೆ ಕೆಳಗೆ ಒಂದು ಚಕ್ಕೆ ಕೊಟ್ಟು, ಗುಳ್ಳೆ ನಟ್ಟನಡುವೆ ನಿಲ್ಲುವಂತೆ ಮತ್ತೆ ಹೊಡೆದರು. ನಾವಿಬ್ಬರೂ ಹಿಂದೆ ಸರಿದು ನೋಡಿದೆವು. ಪಟ್ಟಿಗೂ ತೊಲೆಗೂ ನಡುವಿನ ಸಂದು ಬಲಕ್ಕೆ ಅಗಲ, ಎಡಕ್ಕೆ ಬರುಬರುತ್ತ ಇಲ್ಲವೇ ಇಲ್ಲ. ಮನೆಯ ತೊಲೆ ಎಡಕ್ಕೆ ಒಂದು ಬೆರಳು ಕುಸಿದಿತ್ತು. ಅದರ ಕೆಳಗೇ ಹುಟ್ಟಿ ಬೆಳೆದ ನಮಗೆ ಕಂಡಿರಲಿಲ್ಲ. ಅಜ್ಜನಿಗೆ ಕಂಡಿತ್ತು. ಅದಕ್ಕೇ ಪಟ್ಟಿಯನ್ನು ತೊಲೆಯ ಜೊತೆಗೇ ಬಾಗಿಸಿ, ನೋಡುವವರ ಕಣ್ಣಿಗೆ ಮನೆಯನ್ನು ನೆಟ್ಟಗೆ ಮಾಡಿದ್ದರು.

"ನಿನ್ನೆ ಯಾಕ ಹೇಳಲಿಲ್ರಿ ಅಜ್ಜಾರ?"

"ಅವರ ಮುಂದ ಹ್ಯಾಂಗ ಹೇಳ್ಲಿ? ತಂಗಿ ಸೀರಿ ಉಟ್ಕೊಂಡು ಒಳಗ ಕುಂತಿತ್ತು." ಸುತ್ತಿಗೆಯ ಹಿಂಬದಿಯಿಂದ ಮೊಳೆ ಕೀಳತೊಡಗಿದರು. "ಮೊದಲಿನಂಗ ಹೊಡೀತೇನಿ. ತೊಲಿ ಮಾತ ಮದವಿ ಆದ ಮ್ಯಾಗ ಅಪ್ಪಾರ ಕಿವಿಗೆ ಹಾಕ್ರಿ. ಒಂದು ಕಂಬ ಕೊಟ್ರ ಸಾಕು."

ಕಂಬ ಕೊಟ್ಟೆವು. ಆದರೆ ನಾನು ಹೇಳಬೇಕಾಗಿದ್ದ ಇನ್ನೊಂದು ಮಾತಿತ್ತು. ಮದುವೆಯಾಗಲಿ, ಆಮೇಲೆ ಊರಿಗೆ ನಿಜ ಹೇಳುತ್ತೇನೆ ಎಂದುಕೊಂಡಿದ್ದೆ. ಮದುವೆಯಾಯಿತು. ಅಷ್ಟರಲ್ಲಿ ನನ್ನ ಚೇಷ್ಟೆಯ ಮಾತು ಕಮತಗಿ, ಇಲಕಲ್ಲು ಸುತ್ತಿ ನಮ್ಮ ಶಾಲೆಗೇ ವಾಪಸು ಬಂದಿತ್ತು. "ಮಾಸ್ತರ, ಅದೇನೋ ಪಿಂಚಣಿದು ಅಂದಿದ್ರಲ್ಲ, ಇನ್ನೊಮ್ಮೆ ಹೇಳ್ರಿ," ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ನಾನು... ಹೇಳುತ್ತಿದ್ದೆ. ಪ್ರತಿ ಸಲವೂ ಸ್ವಲ್ಪ ತಿದ್ದಿ, ಹೆಚ್ಚು ನಗು ಬರುವಂತೆ.

ಹೊಸ ಮನೆ ಕಟ್ಟುವವರು ಬೇರೆ ಬಡಿಗರನ್ನು ಕರೆಯತೊಡಗಿದರು. ಬಾಗಿಲು ನೋಡಿ ಹೇಳಿ ಎಂದು ಅಜ್ಜನನ್ನು ಕರೆಯುವುದೂ ನಿಂತಿತು. ಎರಡು ಮೂರು ವರ್ಷದಲ್ಲಿ ಅವರು ಸಂತೆಯಲ್ಲಿ ಗೋಣಿತಟ್ಟು ಹಾಸಿ ಲಟ್ಟಣಿಗೆ, ಕಡಗೋಲು ಮಾರುತ್ತ ಕುಳಿತರು. ನಾನು ಎದುರಾದಾಗಲೆಲ್ಲ ಅವರು ಕೇಳುವುದು ಒಂದೇ: "ತಂಗಿ ಆರಾಮ ಅದಾಳೇನ್ರಿ ಮಾಸ್ತರ?" ನಾನು ಆರಾಮ ಅದಾಳ ಎಂದು ಹೇಳಿ, ಒಂದು ಲಟ್ಟಣಿಗೆ ಕೊಂಡು ಬರುತ್ತಿದ್ದೆ. ಹೀಗೆ ಪಶ್ಚಾತ್ತಾಪವು ನಮ್ಮ ಅಡುಗೆಮನೆಯಲ್ಲಿ ಲಟ್ಟಣಿಗೆಯ ರೂಪದಲ್ಲಿ ಕೂಡಿಬಿದ್ದು ಹನ್ನೊಂದಾಯಿತು. "ಏನ್ರಿ, ಊರಿಗೆಲ್ಲಾ ಚಪಾತಿ ಲಟ್ಟಸಬೇಕೇನು ನಾ?" ಎಂದು ಹೆಂಡತಿ ಕೇಳಿದಳು. ಹನ್ನೊಂದರಲ್ಲಿ ಒಂದೂ ಸೊಟ್ಟ ಇರಲಿಲ್ಲ. ನೆಲದ ಮೇಲೆ ಉರುಳಿಸಿ ನೋಡಿದ್ದೇನೆ.

ಆಮೇಲೆ ಅವರು ಬೇವೂರಿನ ಮಗಳ ಮನೆಗೆ ಹೋದರೆಂದು ಕೇಳಿದೆ. ಬೇವೂರು ದೂರವೇನಲ್ಲ, ಬಸ್ಸಿತ್ತು... ತೀರಿಕೊಂಡ ಸುದ್ದಿಯೂ ಅದೇ ಬಸ್ಸಿನಲ್ಲಿ ಬಂತು.

ಹೋದ ವಾರ ಸೊಸೆ ಆ ಪಟ್ಟಿಗಳನ್ನು ನವನಗರದ ಮನೆಯ ದೇವರ ಕೋಣೆಯ ಬಾಗಿಲಿಗೆ ಕೂಡಿಸೋಣ ಎಂದಳು. ಬಂದ ಬಡಿಗ ಗೋಡೆಯ ಮೇಲೆ ಕೆಂಪು ಬೆಳಕಿನ ಗೆರೆ ಎಳೆಯುವ ಯಂತ್ರ ಇಟ್ಟು, ಪಟ್ಟಿಗಳನ್ನು ಹಿಡಿದು ನೋಡಿ ನಕ್ಕ.

"ಸರ್, ಎಡಗಡಿದು ಒಂದು ಬೆರಳು ಗಿಡ್ಡ ಐತ್ರಿ. ಹೊಡದಾವಗ ಕಣ್ಣ ಕಾಣ್ತಿರಲಿಲ್ಲೇನ್ರಿ?"

"ಕಾಣ್ತಿತ್ತು," ಎಂದೆ. "ನಮ್ಮ ಮನಿ ತೊಲಿ ಬಾಗಿತ್ತು."

ಅಷ್ಟೇ ಮಾತು. ದೊಡ್ಡಪ್ಪ ಹೋಗಿ ಎಷ್ಟೋ ಕಾಲವಾಯಿತು, ತಂಗಿ ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಮನೆಯಿದ್ದ ಜಾಗದಲ್ಲಿ ನೀರಿದೆ. ಆ ಮಾತಿನಿಂದ ಕೆಡುವಂಥದ್ದು ಯಾವುದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಬಾಯಿಂದ ಅದು ಬಂತು. ಬಡಿಗ "ಹಂಗೇನ್ರಿ" ಎಂದು, ಎಡಗಡೆಯ ಪಟ್ಟಿಯ ಬುಡಕ್ಕೆ ಹೊಸ ಕಟ್ಟಿಗೆಯ ತುಂಡೊಂದನ್ನು ಕೂಡಿಸಿ, ಕೆಂಪು ಗೆರೆಗೆ ಸರಿಯಾಗಿ ಹೊಡೆದು ಹೋದ.

ತುಂಡು ಬೆಳ್ಳಗೆ ಎದ್ದು ಕಾಣುತ್ತದೆ. ಬಣ್ಣ ಹಚ್ಚಿಸೋಣ ಎಂದಳು ಸೊಸೆ. ಬೇಡ, ಹಾಗೇ ಇರಲಿ ಎಂದೆ.