ಸಾರಿನ ಪುಡಿ ಮತ್ತು ಯುರೋಪಿನ ಮಂಜು

ನಾನು ಯುರೋಪಿನಿಂದ ಸಿಂಗಪುರಕ್ಕೆ ಮರಳಿದ ದಿನ ನಾನಿದ್ದ ಮನೆಯ ಆಂಟಿ ನನ್ನ ಪೆಟ್ಟಿಗೆಯನ್ನು ನಡುಮನೆಯಲ್ಲಿ ಬಿಚ್ಚಿಸಿ, ಅದರಿಂದ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು ಎತ್ತಿ ಹಿಡಿದರು. ಆರು ತಿಂಗಳ ಹಿಂದೆ ಅದರಲ್ಲಿ ಅರ್ಧ ಕಿಲೋ ಸಾರಿನ ಪುಡಿ ತುಂಬಿ ಕೊಟ್ಟಿದ್ದು ಅವರೇ.

“ನೋಡ್ರೀ ಇಲ್ಲಿ, ಒಂದು ಚಮಚ ವಾಪಸ್ ಬಂದಿಲ್ಲ! ಪೂರ್ತಿ ಖಾಲಿ ಮಾಡ್ಕೊಂಡು ಬಂದಿದಾನೆ. ತೊಳೆದೂ ತಂದಿದಾನೆ.”

ಅಂಕಲ್ ಪತ್ರಿಕೆಯಿಂದ ತಲೆಯೆತ್ತಿ ಡಬ್ಬಿಯನ್ನು ನೋಡಿದರು. ಅವರ ಮಗಳು ನನ್ನನ್ನು ನೋಡಿದಳು. ಡಬ್ಬಿಯನ್ನು ತೊಳೆದದ್ದು ನಾನಲ್ಲ ಎಂದು ನಾನು ಹೇಳಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಸಿಂಗಪುರದ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಸಂಶೋಧನೆ ಮಾಡುತ್ತಿದ್ದೆ. ಮೈಸೂರು ಕಡೆಯ ಈ ಕುಟುಂಬದ ಹತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಂದು ಕೋಣೆ ನನ್ನದು. ಅಂಕಲ್‌ಗೆ ತಂಜಾಂಗ್ ಪಗಾರಿನಲ್ಲಿ ಬ್ಯಾಂಕ್ ಕೆಲಸ. ಮಗಳು ನಮ್ಮ ವಿಶ್ವವಿದ್ಯಾಲಯದಲ್ಲೇ ಎರಡನೆಯ ವರ್ಷದಲ್ಲಿದ್ದಳು. ಹನ್ನೆರಡು ವರ್ಷದಿಂದ ಅಲ್ಲಿದ್ದರೂ ಮೂವರೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರು. “ಪಾಸ್‌ಪೋರ್ಟ್ ಅಂದ್ರೆ ತಾಯಿ ಇದ್ದಹಾಗಪ್ಪ, ಚೇಂಜ್ ಮಾಡೋಕಾಗತ್ತಾ?” ಎಂದು ಅಂಕಲ್ ಕೇಳುತ್ತಿದ್ದರು. ಅಷ್ಟರಲ್ಲಿ ಅವರು ಎರಡು ಮನೆ, ಮೂರು ಕಾರು, ತಲೆಗೂದಲಿನ ಬಣ್ಣ ಇವನ್ನೆಲ್ಲ ಚೇಂಜ್ ಮಾಡಿದ್ದರು.

ನಾನು ಒಂದು ಸೆಮಿಸ್ಟರಿನ ಮಟ್ಟಿಗೆ ಜರ್ಮನಿಯ ಊರೊಂದಕ್ಕೆ ಹೋಗಿದ್ದೆ. ಮುಂದಿನ ವರ್ಷ ಅದೇ ಊರಿಗೆ ಹೋಗಲು ಈ ಮನೆಯ ಮಗಳೂ ಅರ್ಜಿ ಹಾಕಿದ್ದಳು, ಸೀಟು ಸಿಕ್ಕಿತ್ತು. ಅಂಕಲ್ ಸಹಿ ಮಾತ್ರ ಬಾಕಿ. “ಅವನು ಬಂದು ಸ್ಲೈಡ್ ಶೋ ಮಾಡ್ಲಿ. ಪ್ಲೇಸ್ ಹೇಗಿದೆ ನೋಡೋಣ. ಆಮೇಲೆ ಡಿಸೈಡ್ ಮಾಡ್ತೀನಿ,” ಎಂದಿದ್ದರು. ಹೀಗೆ ಒಬ್ಬ ಹುಡುಗಿಯ ಆರು ತಿಂಗಳು ನನ್ನ ಕ್ಯಾಮೆರಾದ ಮೇಲೆ ನಿಂತಿತು.

ಮರುದಿನ ಬೆಳಗ್ಗೆ ಅವಳು ನಮ್ಮ ಕಟ್ಟಡದ ವಾಯ್ಡ್ ಡೆಕ್ಕಿನಲ್ಲಿ, ಎಂದರೆ ಕೆಳಗಿನ ತೆರೆದ ನೆಲಮಹಡಿಯಲ್ಲಿ, ಕಲ್ಲುಬೆಂಚಿನ ಹತ್ತಿರ, ನನ್ನನ್ನು ಹಿಡಿದು ನಿಲ್ಲಿಸಿದಳು. ಸಿಂಗಪುರದವರ ‘ಲಾ’ ಅವಳ ಮಾತಿಗೆ ಅಂಟಿತ್ತು.

“ಅಣ್ಣ, ಪ್ಲೀಸ್ ಲಾ. ಅಪ್ಪನ ಮುಂದೆ ಏನೂ ಡೇಂಜರ್ ಹೇಳ್ಬೇಡಿ. ಸ್ನೋ ತೋರ್ಸಿ, ಚರ್ಚ್ ತೋರ್ಸಿ, ಕ್ಲೋಸ್ ಮಾಡಿ.”

“ಸರಿ,” ಎಂದೆ.

“ಡೇಂಜರ್ ಏನಾದ್ರೂ ಆಗಿತ್ತಾ?”

“ಇಲ್ಲ,” ಎಂದೆ.

ಆಗಿತ್ತು. ಅದನ್ನು ಇಲ್ಲಿ ಆದಷ್ಟು ನಿಖರವಾಗಿ ಬರೆಯುತ್ತೇನೆ.

ಈಸ್ಟರ್ ರಜೆಯಲ್ಲಿ ನಾನು ಮೂವರು ಸಿಂಗಪುರದ ಸಹಪಾಠಿಗಳ ಜೊತೆ ವಿಮಾನದಲ್ಲಿ ಇಟಲಿಗೆ ಹೋಗಿದ್ದೆ. ಆಗ ನನ್ನಂಥವರಿಗೆ ಒಂದೊಂದು ಗಡಿಗೂ ಒಂದೊಂದು ವೀಸಾ ಬೇಕಿತ್ತು. ಅವರ ಕೆಂಪು ಪಾಸ್‌ಪೋರ್ಟಿಗೆ ಬೇಕಿರಲಿಲ್ಲ. ನಾನು ಜರ್ಮನಿಯದು, ಇಟಲಿಯದು ಎರಡನ್ನೂ ಮಾಡಿಸಿಕೊಂಡಿದ್ದೆ. ವಾಪಸು ಬರುವ ರೈಲು ನಡುವೆ ಕೆಲವು ಗಂಟೆ ಮತ್ತೊಂದು ಸಣ್ಣ ದೇಶದ ಮೂಲಕ ಹಾದುಬರುತ್ತಿತ್ತು. ಆ ದೇಶದ ವೀಸಾ ನನ್ನಲ್ಲಿ ಇರಲಿಲ್ಲ. ರೈಲಿನಿಂದ ಇಳಿಯದೆ ಇದ್ದರೆ ಆ ದೇಶಕ್ಕೆ ಹೋದ ಹಾಗೆ ಆಗುವುದಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಅರಸೀಕೆರೆಯಿಂದ ಮುಂಬಯಿಗೆ ಹೋಗುವಾಗ ನಡುವಿನ ಊರುಗಳನ್ನು ಯಾರು ಕೇಳುತ್ತಾರೆ? ನಿದ್ದೆ ಮಾಡುತ್ತೇವೆ, ಅವು ಹೋಗುತ್ತವೆ.

ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಟೋಪಿ ಹಾಕಿದ ಅಧಿಕಾರಿಯೊಬ್ಬ ನಮ್ಮ ಬೋಗಿಗೆ ಬಂದ. ಮೂರು ಕೆಂಪು ಪಾಸ್‌ಪೋರ್ಟುಗಳನ್ನು ಇಸ್ಪೀಟಿನ ಎಲೆಯಂತೆ ಬಿಡಿಸಿ ಮುಚ್ಚಿದ. ನನ್ನದನ್ನು ಮಾತ್ರ ಮೊದಲ ಪುಟದಿಂದ ಓದತೊಡಗಿದ. ನಾನು ನನ್ನ ವಾದವನ್ನು ಇಂಗ್ಲಿಷಿನಲ್ಲಿ ವಿನಯದಿಂದ ಮಂಡಿಸಿದೆ: ನಿಮ್ಮ ದೇಶದಲ್ಲಿ ನಾನು ಇಳಿಯುವವನಲ್ಲ.

“ನೀನು ಈಗಾಗಲೇ ಬಂದಿದ್ದೀಯ,” ಎಂದ ಅವನು, ಕಿಟಕಿಯ ಹೊರಗೆ ತೋರಿಸಿ.

ನನ್ನನ್ನು ಚೀಲದ ಸಮೇತ ಇಳಿಸಿದರು. ಸಹಪಾಠಿಗಳಲ್ಲಿ ಒಬ್ಬ, ಊರಿನಲ್ಲಿ ಕಾಯುತ್ತೇವೆ ಎಂದ. ಇನ್ನೊಬ್ಬಳು ಬಿಸ್ಕತ್ ಪೊಟ್ಟಣ ಕೊಟ್ಟಳು. ಮೂರನೆಯವನು ರೈಲು ಹೊರಟಾಗ ಕಿಟಕಿಯಿಂದ ಬಗ್ಗಿ, ಇಬ್ಬರು ಸಮವಸ್ತ್ರದವರ ನಡುವೆ ನಿಂತ ನನ್ನ ಫೋಟೋ ತೆಗೆದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವನು ಎಲ್ಲದರ ಫೋಟೋ ತೆಗೆಯುತ್ತಿದ್ದ.

ನಿಲ್ದಾಣದಲ್ಲಿ ನನ್ನನ್ನು ಕೂರಿಸಿದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕೊರಳಿಗೆ ಗಂಟೆ ಕಟ್ಟಿದ ಹಸುವಿನ ಕ್ಯಾಲೆಂಡರ್. ಒಬ್ಬ ವಯಸ್ಸಾದವನು, ಒಬ್ಬ ಎಳೆಯ ಅಧಿಕಾರಿ. ಚೀಲ ಬಿಚ್ಚಿದರು. ಹಾಸ್ಟೆಲುಗಳಲ್ಲಿ ಅಡುಗೆ ಮಾಡಿಕೊಳ್ಳಬಹುದು ಎಂದು ಆಂಟಿ ಹೇಳಿದ್ದರಿಂದ ನಾನು ಊರೂರಿಗೆ ಆ ಡಬ್ಬಿಯನ್ನು ಹೊತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಪುಡಿ ಉಳಿದಿತ್ತು. ಎಳೆಯವನು ಮುಚ್ಚಳ ತೆಗೆದು ಮೂಗಿಗೆ ಹಿಡಿದು ನಾಲ್ಕು ಸಲ ಸೀನಿದ. ಏನಿದು ಎಂದ. ಸೂಪಿನ ಪುಡಿ ಎಂದೆ. ಹಾಗಿದ್ದರೆ ತಿನ್ನು ಎಂದ.

ಕಾಫಿಯ ಸಣ್ಣ ಚಮಚ ಕೊಟ್ಟರು. ಮೊದಲನೆಯ ಚಮಚ ತಿಂದ ಮೇಲೆ ವಯಸ್ಸಾದವನು ಗೋಡೆಯ ಗಡಿಯಾರ ನೋಡುತ್ತ ಐದು ನಿಮಿಷ ಕಾದ, ನಾನು ಬೀಳುತ್ತೇನೋ ಎಂದು. ಬೀಳಲಿಲ್ಲ. ಎರಡನೆಯದು, ಡಬ್ಬಿಯ ತಳದಿಂದ ತೆಗೆದದ್ದು. ಮೇಲಿನದು ಬೇರೆ, ಕೆಳಗಿನದು ಬೇರೆ ಇರಬಹುದಲ್ಲ. ಮೂರನೆಯದು ಯಾಕೆಂದರೆ, ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಇನ್ನೊಬ್ಬ ಬಂದಿದ್ದ, ಅವನು ಮೊದಲೆರಡನ್ನು ನೋಡಿರಲಿಲ್ಲ.

ಯಾರೂ ನನ್ನ ಮೇಲೆ ಕೈ ಮಾಡಲಿಲ್ಲ. ಯಾರೂ ದನಿ ಏರಿಸಲಿಲ್ಲ. ನೀರು ಕೇಳಿದಾಗ ಕೊಟ್ಟರು. ಉಳಿದ ಪುಡಿಯನ್ನು ಕಸದ ಬುಟ್ಟಿಗೆ ಸುರಿದು, ಡಬ್ಬಿಯನ್ನು ಸೋಪು ಹಾಕಿ ತೊಳೆದು, ಒರೆಸಿ ಕೊಟ್ಟರು. ನಾಲ್ಕು ಗಂಟೆಗೆ ಇಟಲಿಗೆ ವಾಪಸು ಹೋಗುವ ರೈಲಿಗೆ ಹತ್ತಿಸಿದರು. ಎರಡು ದಿನ ಸುತ್ತಿ, ಕೊನೆಗೆ ವಿಮಾನ ಹಿಡಿದು ಜರ್ಮನಿ ಸೇರಿದೆ. ಇನ್ನೊಂದು ಸಂಗತಿಯನ್ನೂ ಬರೆಯಬೇಕು. ಮೂರು ಚಮಚ ತಿನ್ನುವಾಗಲೂ ನಾನು ಅವರ ಜೊತೆ ನಗುತ್ತಿದ್ದೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಗುಡ್, ವೆರಿ ಗುಡ್ ಎನ್ನುತ್ತಿದ್ದೆ. ಯಾರೂ ನಗು ಎಂದು ಹೇಳಿರಲಿಲ್ಲ.

ಸ್ಲೈಡ್ ಶೋ ಭಾನುವಾರ ಮಧ್ಯಾಹ್ನ ನಡೆಯಿತು. ಬಿಸಿಬೇಳೆಬಾತಿನ ಊಟ ಮುಗಿಸಿ, ಪರದೆ ಎಳೆದು, ಗೋಡೆಗೆ ಬಿಳಿ ಬೆಡ್‌ಶೀಟ್ ಅಂಟಿಸಿದರು. ಹನ್ನೆರಡು ಮಂದಿ ಸೇರಿದ್ದರು. ಪಾಸಿರ್ ಪಂಜಾಂಗಿನ ಹಡಗು ಕಂಪನಿಯೊಂದರಲ್ಲಿದ್ದ ಉಡುಪಿಯ ಅಂಕಲ್, ತಾವು ಬಂದರುಗಳ ಲೆಕ್ಕದಲ್ಲಿ ಯುರೋಪನ್ನು ಬಲ್ಲವರೆಂದು, ಪ್ರೊಜೆಕ್ಟರಿನ ಪಕ್ಕದ ಕುರ್ಚಿಯನ್ನೇ ಹಿಡಿದರು.

ಕಟ್ಟಲು ಆರು ತಲೆಮಾರು ಹಿಡಿದ ಚರ್ಚೊಂದು ಗೋಡೆಯ ಮೇಲೆ ಮೂಡಿತು.

“ಇಲ್ಲಿ ಏನು ತಿಂದೆ?” ಎಂದು ಆಂಟಿ ಕೇಳಿದರು.

“ಬ್ರೆಡ್ಡು ಆಂಟಿ.”

ಆಮೇಲೆ ನದಿ, ಸೇತುವೆ, ಕೋಟೆ.

“ಇಲ್ಲಿ?”

“ಬ್ರೆಡ್ಡು. ಆಲೂಗಡ್ಡೆ.”

“ಅಯ್ಯೋ ಪಾಪ. ಪುಡಿ ಇತ್ತಲ್ಲ, ಸದ್ಯ.”

ಇಟಲಿಗೆ ಬಂದಾಗ ಅಮೃತಶಿಲೆಯ ವಿಗ್ರಹವೊಂದಕ್ಕೆ ಬಟ್ಟೆ ಇರಲಿಲ್ಲ. ಅಂಕಲ್ “ನೆಕ್ಸ್ಟ್, ನೆಕ್ಸ್ಟ್,” ಎಂದರು. ನಾನು ಗುಂಡಿ ಒತ್ತಿದೆ. ನಾವು ನಾಲ್ವರು ರೈಲ್ವೆ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತ ಚಿತ್ರ. ಮತ್ತೆ ಒತ್ತಿದೆ. ಗೋಡೆ ಬೆಳ್ಳಗಾಯಿತು.

ಸಮವಸ್ತ್ರದವರ ನಡುವಿನ ನನ್ನ ಚಿತ್ರವನ್ನು ಆ ಸಹಪಾಠಿ ಪ್ರೀತಿಯಿಂದ ನನಗೊಂದು ಪ್ರತಿ ಮಾಡಿಸಿ ಕೊಟ್ಟಿದ್ದ. ಕ್ರಮವಾಗಿ ಜೋಡಿಸುವ ಅಭ್ಯಾಸದಿಂದ ನಾನು ಅದನ್ನೂ ಟ್ರೇಯಲ್ಲಿ ಇಟ್ಟು, ಬೆಳಗ್ಗೆ ನೆನಪಾಗಿ ತೆಗೆದಿದ್ದೆ. ಅದರ ಖಾಲಿ ಜಾಗವನ್ನು ಮುಚ್ಚಲು ಮರೆತಿದ್ದೆ. ಪ್ರೊಜೆಕ್ಟರಿನ ಫ್ಯಾನ್ ಮಾತ್ರ ಸದ್ದು ಮಾಡುತ್ತಿತ್ತು. ಹನ್ನೆರಡು ಮುಖಗಳ ಮೇಲೂ ಬಿಳಿ ಬೆಳಕು. ಮಗಳು ನನ್ನ ಕಡೆ ನೋಡಿದಳು.

“ಇದೇನಪ್ಪ?” ಎಂದರು ಅಂಕಲ್.

“ಮಂಜು,” ಎಂದೆ.

ಉಡುಪಿಯ ಅಂಕಲ್ ಮುಂದೆ ಬಗ್ಗಿದರು.

“ಹೌದು ಮಾರಾಯ್ರೇ! ಇದು ಮಂಜೇ! ರಾಟರ್‌ಡ್ಯಾಮ್ ಹೊರಗೆ ನಮ್ಮ ಒಂದು ಹಡಗು ಮೂರು ದಿನ ನಿಂತಿತ್ತು, ಇದೇ ಮಂಜಿಗೆ. ಕ್ಯಾಪ್ಟನ್‌ಗೆ ಸ್ವಂತ ಕೈ ಕಾಣ್ತಿರ್ಲಿಲ್ಲ.”

“ಎಷ್ಟು ಕ್ಲಿಯರ್ ಆಗಿ ಬಂದಿದೆ ನೋಡಿ ಫೋಟೋ,” ಎಂದರು ಅವರ ಹೆಂಡತಿ.

“ಹಿಂದುಗಡೆ ಒಂದು ಮರ ಇದೆ ಅಲ್ವಾ?” ಎಂದು ಆಂಟಿ ಎದ್ದು ಹೋಗಿ ಬೆರಳಿಟ್ಟು ತೋರಿಸಿದರು. ಅದು ಬೆಡ್‌ಶೀಟಿನ ಮಡಿಕೆ.

“ಹೌದು ಆಂಟಿ, ಮರ,” ಎಂದೆ.

ಆ ಮಧ್ಯಾಹ್ನದ ಯಾವ ಚರ್ಚಿಗೂ ಸಿಗದ ಗಮನ ಆ ಖಾಲಿ ಗೋಡೆಗೆ ಸಿಕ್ಕಿತು. ಐದು ನಿಮಿಷವಾದರೂ ನೋಡಿದರು. ಸ್ವೆಟರ್ ಎರಡು ಬೇಕೋ ಮೂರೋ ಎಂದು ಚರ್ಚೆಯಾಯಿತು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಎಂದು ತೀರ್ಮಾನವಾಯಿತು. ಕೊನೆಗೆ ದೀಪ ಹಾಕಿದಾಗ ಅಂಕಲ್ ಕೈಗಳನ್ನು ಉಜ್ಜಿಕೊಂಡು ಹೇಳಿದರು: “ಡೀಸೆಂಟ್ ಪ್ಲೇಸ್. ಚಳಿ ಒಂದೇ ಪ್ರಾಬ್ಲಮ್. ಹೋಗ್ಲಿ ಬಿಡು.”

ಮಗಳು ಎಲ್ಲರೆದುರು ಕುಣಿಯಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಏನನ್ನೋ ತೊಳೆದಳು.

ಮರುವರ್ಷ ಹೊರಡುವ ಮುನ್ನ ಅವಳು ರೈಲಿನ ವಿವರ ಬರೆದುಕೊಡಿ ಎಂದು ಕೇಳಿದಳು. ರಜೆಯಲ್ಲಿ ಅವಳೂ ಇಟಲಿಗೆ ಹೋಗುವವಳಿದ್ದಳು. ಇಂಥ ಕೆಲಸದಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಯಾವ ಊರಿನಲ್ಲಿ ಎಷ್ಟು ಗಂಟೆಗೆ ರೈಲು, ಯಾವ ಪ್ಲ್ಯಾಟ್‌ಫಾರ್ಮ್, ಎಲ್ಲಿ ನೀರು ಸಿಗುತ್ತದೆ, ಎಲ್ಲವನ್ನೂ ಗೆರೆ ಹಾಕಿ ಬರೆದೆ. ಆ ಸಣ್ಣ ದೇಶ ಬರುವಲ್ಲಿ, ‘ಇದಕ್ಕೂ ವೀಸಾ ಬೇಕು’ ಎಂದು ಬರೆದೆ. ಆಮೇಲೆ ಆ ಹಾಳೆಯನ್ನು ಹರಿದೆ. ಅಂಕಲ್ ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಓದುವವರು. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳುವುದು? ವೀಸಾ ಕೊಡುವವರೇ ಅವಳಿಗೆ ಹೇಳುತ್ತಾರೆ ಎಂದುಕೊಂಡೆ. ಅವಳನ್ನು ಪಕ್ಕಕ್ಕೆ ಕರೆದು ಬಾಯಲ್ಲಿ ಹೇಳಬಹುದಿತ್ತು. ಹೇಳಿದರೆ ಚಮಚದ ಮಾತೂ ಬರುತ್ತದೆ. ಹೊಸ ಹಾಳೆಯಲ್ಲಿ ಅದೇ ಜಾಗದಲ್ಲಿ, ‘ಬಲಗಡೆ ಕೂರಬೇಕು, ಸರೋವರ ಕಾಣುತ್ತದೆ’ ಎಂದು ಬರೆದೆ. ಆ ಸರೋವರವನ್ನು ನಾನು ನೋಡಿಲ್ಲ. ಸಹಪಾಠಿಗಳು ಹೇಳಿದ್ದು.

ಆಂಟಿ ಈ ಸಲ ಒಂದು ಕಿಲೋ ಪುಡಿ ಕೊಟ್ಟರು. ಅವನೇ ಅರ್ಧ ಕಿಲೋ ಮುಗಿಸಿದ್ದಾನಲ್ಲ ಎಂದರು.

ಆರು ತಿಂಗಳ ನಂತರ ಒಂದು ಶನಿವಾರ ಅವಳು ವಾಪಸು ಬಂದಳು. ಪೆಟ್ಟಿಗೆ ಮತ್ತೆ ನಡುಮನೆಯಲ್ಲಿ ಬಿಚ್ಚಿಕೊಂಡಿತು. ಆಂಟಿ ಡಬ್ಬಿಯನ್ನು ಎತ್ತಿ ಹಿಡಿದರು.

“ನೋಡ್ರೀ, ಇವಳದ್ದೂ ಖಾಲಿ! ತೊಳೆದು ತಂದಿದಾಳೆ! ಇಲ್ಲಿ ಒಂದು ಲೋಟ ತೊಳೀತಿರ್ಲಿಲ್ಲ.”

ಮಗಳು ನನ್ನ ಕಡೆ ನೋಡಿದಳು. ಆಂಟಿ ಸಾರು ಬಿಸಿ ಮಾಡಲು ಹೋದಾಗ, ಬಟ್ಟೆ ಒಣಹಾಕುವ ನೆವದಲ್ಲಿ ನನ್ನನ್ನು ಹೊರಗಿನ ಕಾರಿಡಾರಿಗೆ ಕರೆದಳು. ಕೆಳಗೆ ಬಸ್ಸುಗಳು ಹೋಗುತ್ತಿದ್ದವು.

“ಹಸುವಿನ ಕ್ಯಾಲೆಂಡರ್ ಇರೋ ರೂಮು,” ಎಂದಳು.

ನಾನು ಬಕೆಟ್ಟಿನಿಂದ ಒಂದು ಬಟ್ಟೆ ತೆಗೆದು ಹಿಂಡತೊಡಗಿದೆ.

“ತಿನ್ನು ಅಂದ್ರು. ನಾನು ತಿನ್ನಲ್ಲ, ಬೇಕಾದ್ರೆ ನಾಯಿ ಕರ್ಸಿ ಅಂದೆ. ನಾಯಿ ಬಂತು, ಮೂಸ್ತು, ಸೀನ್ತು, ಹೋಯ್ತು. ಆಮೇಲೂ ಡಬ್ಬಿ ಕೊಡಲ್ಲ ಅಂದ್ರು. ನಾನೇ ಕಿತ್ಕೊಂಡು ಡಸ್ಟ್‌ಬಿನ್‌ಗೆ ಸುರಿದೆ.” ನನ್ನ ಕಡೆ ತಿರುಗಿ ಕೇಳಿದಳು: “ಅಲ್ಲೊಬ್ಬ ವಯಸ್ಸಾದವ್ನು, ಹೋದ ವರ್ಷ ಒಬ್ಬ ಇಂಡಿಯನ್ ಮೂರು ಚಮಚ ನಗ್ತಾ ನಗ್ತಾ ತಿಂದ, ನೀನ್ಯಾಕೆ ಇಷ್ಟು ಗಲಾಟೆ ಮಾಡ್ತೀಯ ಅಂದ. ಅದು ನೀವಾ ಅಣ್ಣ?”

“ಹೌದು.”

“ನಗ್ತಾ ನಗ್ತಾ?”

“ಹೌದು.”

ಅವಳು ಒಂದು ಟವೆಲ್ಲನ್ನು ಬಿದಿರಿನ ಕೋಲಿಗೆ ಹಾಕಿ, ಎರಡು ತುದಿಗಳನ್ನೂ ಸಮ ಮಾಡಿದಳು.

“ಏಳು ಗಂಟೆ ಕೂತಿದ್ದೆ, ಒಬ್ಳೇ. ವೀಸಾ ಬೇಕು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ.”

“ಅಪ್ಪನಿಗೆ ಗೊತ್ತಾದ್ರೆ ನಿನ್ನ ಕಳಿಸ್ತಿರಲಿಲ್ಲ.”

“ಅಪ್ಪನ ಮುಂದೆ ಹೇಳ್ಬೇಡಿ ಅಂದಿದ್ದೆ. ನನ್ನ ಹತ್ರ ಹೇಳ್ಬೇಡಿ ಅಂದಿರ್ಲಿಲ್ಲ.”

ಒಳಗಿಂದ ಆಂಟಿ ಕೂಗಿದರು, “ಬನ್ರೋ, ಸಾರು ಆರಿ ಹೋಗತ್ತೆ.”

ಊಟಕ್ಕೆ ಕುಳಿತೆವು. ಆಂಟಿ ಸೌಟು ಹಿಡಿದು ಬಂದಾಗ ಮಗಳು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. “ಬೇಡಮ್ಮ, ಮೊಸರು ಹಾಕು.”

“ಅಲ್ಲಿ ಒಂದು ಕಿಲೋ ಮುಗಿಸಿದೋಳು, ಇಲ್ಲಿ ಬೇಡವಂತೆ!” ಎಂದು ಆಂಟಿ ಅಂಕಲ್ ಕಡೆ ತಿರುಗಿ ಹೇಳಿ, ನನ್ನ ಕಡೆ ಬಂದರು. “ನಿನಗೆ?”

ನಾನು ತಟ್ಟೆಯನ್ನು ಮುಂದೆ ತಳ್ಳಿದೆ. ಒಂದು ಸೌಟು ಹಾಕಿದರು. ಹೇಗಿದೆ ಎಂದು ನಿಂತೇ ಕಾದರು.

“ತುಂಬಾ ಚೆನ್ನಾಗಿದೆ ಆಂಟಿ,” ಎಂದೆ. ಹೇಳುವಾಗ ನಗುತ್ತಿದ್ದೆ. ಎದುರಿನಲ್ಲಿ ಕುಳಿತವಳು ಮೊಸರನ್ನಕ್ಕೆ ಕೈ ಹಾಕದೆ ಆ ನಗುವನ್ನೇ ನೋಡುತ್ತಿದ್ದಳು.